ಕರೆದಾಗ ಹೋಗು, ಕಂಡದ್ದನ್ನು ಹೇಳು

ತಂಗಿ,

ನಿನ್ನ ಹಳೆಯ ಶಾಲೆಯವರು ಈ ಸಲದ ಗ್ಯಾದರಿಂಗಿಗೆ ನಿನ್ನನ್ನೇ ಮುಖ್ಯ ಅತಿಥಿಯಾಗಿ ಕರೆದಿದ್ದಾರೆ. ಹೋಗಲೋ ಬೇಡವೋ ಎಂದು ಕೇಳಿದ್ದೀಯ. ಕೇಳಿದ ರೀತಿಯಲ್ಲೇ ನಿನ್ನ ಮನಸ್ಸಿನಲ್ಲಿ ಏನು ಚುಚ್ಚುತ್ತಿದೆ ಎಂಬುದು ತಿಳಿಯುತ್ತದೆ. ಇದೇ ಶಾಲೆಯಲ್ಲಿ ನಿನ್ನ ದನಿ ಗಂಡುದನಿ ಎಂದು ಪ್ರಾರ್ಥನೆಯ ಮುಂದಿನ ಸಾಲಿನಿಂದ ನಿನ್ನನ್ನು ಹಿಂದಕ್ಕೆ ಕಳಿಸಿದ್ದರು. ಓಣಿಯಲ್ಲಿ ‘ಹಾಡೋ ಹುಡುಗಿ’ ಎಂದು ಕರೆಯುವವರ ಬಾಯಲ್ಲಿ ಆ ಮಾತು ಹೊಗಳಿಕೆಯಾಗಿರಲಿಲ್ಲ. ಈಗ ನಿನ್ನ ಹಾಡು ಎಲ್ಲರ ಫೋನಿನಲ್ಲಿದೆ. ಹಾಗಾಗಿ ಅದೇ ಓಣಿಯ ಬಾಯಿಗೆ ‘ನಮ್ಮ ಓಣಿಯ ಹೆಮ್ಮೆ’ ಎಂಬ ಬ್ಯಾನರ್ ಬಿದ್ದಿದೆ.

ಹೋಗು. ಇದೇ ನನ್ನ ಉತ್ತರ. ಆದರೆ ಹೋಗುವುದು ಸುಲಭದ ಕೆಲಸ. ಅಲ್ಲಿ ಹೇಗೆ ನಿಲ್ಲಬೇಕು, ಏನು ಆಡಬೇಕು, ಬಂದ ಮೇಲೆ ಏನು ಮಾಡಬೇಕು ಎಂಬುದು ಕಷ್ಟದ್ದು. ಅದಕ್ಕಾಗಿ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಾನು ಹಾಡುಗಾರನಲ್ಲ, ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರ. ರಾಗದ ವಿಷಯ ನಿನಗೆ ಹೇಳಿಕೊಡುವ ಧೈರ್ಯ ನನಗಿಲ್ಲ. ಆದರೆ ಒಂದು ಊರು ತನ್ನ ಮಕ್ಕಳನ್ನು ಹೇಗೆ ಮರೆಯುತ್ತದೆ, ಅವರು ದೊಡ್ಡವರಾದ ಮೇಲೆ ಹೇಗೆ ನೆನಪಿಸಿಕೊಳ್ಳುತ್ತದೆ ಎಂಬುದನ್ನು ಸಾಕಷ್ಟು ನೋಡಿದ್ದೇನೆ. ಅದಲ್ಲದೆ, ನೀನು ಇವತ್ತು ಕೇಳುತ್ತಿರುವ ಪ್ರಶ್ನೆಯನ್ನು ನಿನಗಿಂತ ಎಷ್ಟೋ ಪಾಲು ಕಠಿಣವಾಗಿ ಎದುರಿಸಿ, ತೊಂಬತ್ತು ದಾಟುವವರೆಗೂ ಇದೇ ಸೀಮೆಯಲ್ಲಿ ತಲೆಯೆತ್ತಿ ಬಾಳಿದ ಹೆಣ್ಣುಮಗಳೊಬ್ಬರು ನಮ್ಮಲ್ಲಿದ್ದರು. ಗಂಗೂಬಾಯಿ ಹಾನಗಲ್ಲ. ಅವರ ತಾನ, ಮೀಂಡ್ ಎಲ್ಲ ನೀನು ಕೇಳಿಯೇ ಕೇಳಿರುತ್ತೀಯ. ಅವರು ತಮ್ಮ ಓಣಿಯ ಜೊತೆ, ತಾವು ಕಲಿತ ಜಾಗದ ಜೊತೆ ಹೇಗೆ ನಡೆದುಕೊಂಡರು ಎಂಬುದನ್ನು ಯಾರೂ ನಿನಗೆ ಹೇಳಿರಲಿಕ್ಕಿಲ್ಲ. ಅದನ್ನು ನಾನು ಹೇಳುತ್ತೇನೆ.

1913ರ ಮಾರ್ಚ್ 5ರಂದು ಅವರು ಹುಟ್ಟಿದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ. ಸುತ್ತಲೂ ಬ್ರಾಹ್ಮಣರ ಮನೆಗಳು, ನಡುವೆ ಇವರದೊಂದು ಹಾಡುವವರ ಮನೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಎಷ್ಟು ಒಳ್ಳೆಯವರೆಂದರೆ, ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರು ಈ ದಾರಿಯಲ್ಲಿ ಬಂದಾಗ ಅವರ ಮನೆಗೆ ಬಂದು ಕುಳಿತು ಹಾಡು ಕೇಳುತ್ತಿದ್ದರು. ಒಮ್ಮೆ ಮನೆಯ ಹುಡುಗಿಯನ್ನೂ ಹಾಡಿಸಿ, ಗಂಟಲು ಚೆನ್ನಾಗಿದೆ, ಚೆನ್ನಾಗಿ ತಿನ್ನು, ಚೆನ್ನಾಗಿ ಹಾಡು ಎಂದು ಹರಸಿ ಹೋದರಂತೆ. ಬೀದಿಯವರೆಗೂ ಕೇಳಿಬರುತ್ತಿದ್ದ ಗ್ರಾಮಫೋನಿನ ಹಾಡಿಗೆ, ಅದರಲ್ಲೂ ಜೋಹ್ರಾಬಾಯಿಯ ದನಿಗೆ, ಆ ಹುಡುಗಿ ಮರುಳಾದದ್ದು ಇದೇ ಓಣಿಗಳಲ್ಲಿ.

ಇದು ಒಂದು ಮುಖ. ಇನ್ನೊಂದು ಮುಖವನ್ನೂ ಗಂಗೂಬಾಯಿಯವರೇ ಹೇಳಿಕೊಂಡಿದ್ದಾರೆ. ಚಿಕ್ಕವಳಿದ್ದಾಗ ನೆರೆಯವರ ತೋಟಕ್ಕೆ ನುಗ್ಗಿ ಮಾವಿನಕಾಯಿ ಕದ್ದಿದ್ದರು. ಯಾವ ಊರಿನ ಯಾವ ಮಗು ಈ ಕೆಲಸ ಮಾಡಿಲ್ಲ, ಹೇಳು? ಆದರೆ ಆ ಮನೆಯವರಿಗೆ ಸಿಟ್ಟು ಬಂದದ್ದು ಕಾಯಿ ಹೋಯಿತೆಂದಲ್ಲ, ಹಾಡುವವಳ ಮಗಳು ತಮ್ಮ ತೋಟದೊಳಗೆ ಕಾಲಿಟ್ಟಳಲ್ಲ ಎಂದು. ಬೀದಿಯಲ್ಲಿ ನಡೆದು ಹೋಗುವಾಗ ‘ಗಾನೇವಾಲಿ’ ಎಂದು ಕೂಗಿ ಅಣಕಿಸುತ್ತಿದ್ದವರೂ ಇದ್ದರು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಆ ಹುಡುಗಿ ಅಲ್ಲಿ ಹಾಡಿದಳು. ಹನ್ನೊಂದು ವರ್ಷದ ಮಗು ಅಷ್ಟು ದೊಡ್ಡ ಮಂದಿಯ ಮುಂದೆ ಹಾಡಿ ಬಂದರೆ ಮನಸ್ಸಿನ ತುಂಬ ಸಂತೋಷವೇ ಇರಬೇಕು. ಅವರಿಗೆ ನೆನಪಿದ್ದದ್ದು ಒಂದು ಅಂಜಿಕೆ. ಊಟದ ಹೊತ್ತಿಗೆ ತನ್ನ ಜಾತಿ ನೋಡಿ ಬೇರೆ ಕೂಡಿಸುತ್ತಾರೇನೋ, ಎಲೆ ಎತ್ತಲು ಹೇಳುತ್ತಾರೇನೋ ಎಂಬ ಅಂಜಿಕೆ.

ನಿನ್ನ ಪ್ರಾರ್ಥನೆಯ ಸಾಲಿನ ನೋವು ಇದಕ್ಕಿಂತ ಚಿಕ್ಕದು ಎಂದು ನಾನು ಹೇಳುವುದಿಲ್ಲ. ನೋವನ್ನು ಅಳೆಯಲು ಹೋದರೆ ಹೀಗೇ ಒಬ್ಬರದನ್ನು ತೋರಿಸಿ ಇನ್ನೊಬ್ಬರ ಬಾಯಿ ಮುಚ್ಚಿಸುವುದಾಗುತ್ತದೆ. ನಾನು ತೋರಿಸುವುದು ಬೇರೆ. ಗಂಗೂಬಾಯಿಯವರಿಗೆ ಹೆಸರು ಬಂತು. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ. ತೋಟಕ್ಕೆ ಕಾಲಿಟ್ಟದ್ದಕ್ಕೆ ಮುಖ ಸಿಂಡರಿಸಿದ ಮಂದಿಯೇ ಊಟಕ್ಕೆ ಕರೆಯತೊಡಗಿದರು. ಅವರು ಆ ಕರೆಗೆ ಬಾಗಿಲು ಮುಚ್ಚಲಿಲ್ಲ. ಹಾಗೆಂದು ಮಾವಿನಕಾಯಿಯ ಕಥೆಯನ್ನೂ ಮುಚ್ಚಿಡಲಿಲ್ಲ. ಕೇಳಿದವರಿಗೆಲ್ಲ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಅಂದು ಹೀಗೆ ಮಾಡಿದರು, ಇಂದು ಅವರೇ ಊಟಕ್ಕೆ ಕರೆಯುತ್ತಾರೆ ಎಂದು. ದನಿಯಲ್ಲಿ ಸೇಡಿಲ್ಲ, ಸುಳ್ಳು ಸಿಹಿಯೂ ಇಲ್ಲ.

ನನ್ನ ಮೊದಲನೆಯ ಮಾತು ಇದು. ಓಣಿಯ ಜೊತೆಗಿನ ಲೆಕ್ಕ ನೇರವಾಗಿರಲಿ. ಹೆಸರು ಬಂದವರು ಹುಟ್ಟಿದ ಊರಿಗೆ ಹೋದಾಗ ಎರಡು ತರಹ ಮಾಡುವುದನ್ನು ನೋಡಿದ್ದೇನೆ. ಕೆಲವರು ವೇದಿಕೆ ಹತ್ತಿ ಎಲ್ಲವನ್ನೂ ಜೇನುತುಪ್ಪದಲ್ಲಿ ಅದ್ದಿಬಿಡುತ್ತಾರೆ. ಈ ಮಣ್ಣು, ಈ ಗಾಳಿ, ಈ ಗುರುಗಳು ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಕೆಳಗೆ ಕುಳಿತ ಮಂದಿಯಲ್ಲಿ ಯಾರಿಗೆ ಏನು ಮಾಡಿದ್ದರೋ ಅವರಿಗೆ ಅದು ಗೊತ್ತಿರುತ್ತದೆ, ಒಳಗೊಳಗೇ ನಗುತ್ತಾರೆ. ಇನ್ನು ಕೆಲವರು ಬಾಲ್ಯದ ಸಿಟ್ಟನ್ನೇ ಗಂಟು ಕಟ್ಟಿ ಇಟ್ಟುಕೊಂಡು ಊರಿನ ಕಡೆ ತಲೆ ಹಾಕಿ ಮಲಗುವುದಿಲ್ಲ. ಎರಡರಲ್ಲೂ ಓಣಿಗೆ ಏನೂ ಕಲಿಯಲು ಸಿಗುವುದಿಲ್ಲ. ಹೊಗಳಿದರೆ ತಾನು ಮಾಡಿದ್ದೆಲ್ಲ ಸರಿಯೇ ಎಂದುಕೊಳ್ಳುತ್ತದೆ. ಬಾರದೇ ಹೋದರೆ ‘ದೊಡ್ಡವಳಾದಳು, ಸೊಕ್ಕು’ ಎಂದು ಸಮಾಧಾನಪಟ್ಟುಕೊಳ್ಳುತ್ತದೆ. ಹೋಗಿ, ಉಂಡು, ನಕ್ಕು, ಕಂಡದ್ದನ್ನು ಕಂಡ ಹಾಗೆ ಹೇಳಿ ಬಂದವರ ಮಾತಿನಿಂದ ಮಾತ್ರ ಮುಂದಿನ ಹುಡುಗಿಗೆ ದಾರಿ ಸ್ವಲ್ಪ ಅಗಲವಾಗುತ್ತದೆ.

ಈಗ ನಿನ್ನ ದನಿಯ ವಿಷಯ. ಗಂಗೂಬಾಯಿಯವರ ಹಳೆಯ ರೆಕಾರ್ಡುಗಳನ್ನು ಹುಡುಕಿ ಕೇಳು. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅವರ ಬಾಲ್ಯದ ಹೆಸರು ಅದೇ. ಅಲ್ಲಿ ತೆಳುವಾದ, ಎತ್ತರಕ್ಕೆ ಏರುವ ಹೆಣ್ಣುದನಿ ಕೇಳುತ್ತದೆ. ಮುಂದೆ ಗಂಟಲಿಗೆ ಟಾನ್ಸಿಲ್ ಚಿಕಿತ್ಸೆಯಾದ ಮೇಲೆ ದನಿ ಇಳಿಯಿತು, ದಪ್ಪವಾಯಿತು. ರೇಡಿಯೋದಲ್ಲಿ ಮಾತ್ರ ಕೇಳಿದವರು ಗಂಡಸು ಹಾಡುತ್ತಿದ್ದಾನೆ ಎಂದುಕೊಳ್ಳುವಷ್ಟು. ಅವರು ಹಳೆಯ ದನಿಗಾಗಿ ಕೊರಗುತ್ತ ಕೂರಲಿಲ್ಲ. ಬದಲಾದ ದನಿಗೆ ಯಾವ ವೇಗ ಒಪ್ಪುತ್ತದೋ ಅದನ್ನು ಹುಡುಕಿಕೊಂಡರು. ಇವತ್ತು ನಾವು ಗಂಗೂಬಾಯಿ ಎಂದರೆ ನೆನಪಿಸಿಕೊಳ್ಳುವುದು ಆ ಗಂಭೀರ ದನಿಯನ್ನೇ. ಶಾಲೆಯ ಮಕ್ಕಳ ಮುಂದೆ ನೀನು ಹಾಡುವಾಗ ನಿನ್ನ ಸಹಜ ಶ್ರುತಿಯಲ್ಲೇ ಹಾಡು. ಟ್ರ್ಯಾಕಿಗೆ ಹೊಂದಲಿ ಎಂದು ಏರಿಸಬೇಡ. ಹಿಂದಿನ ಸಾಲಿನಲ್ಲಿ ಇವತ್ತೂ ಒಂದು ದಪ್ಪ ದನಿಯ ಹುಡುಗಿ ಕುಳಿತಿರುತ್ತಾಳೆ. ಅವಳಿಗೆ ಯಾರೂ ಭಾಷಣ ಮಾಡಬೇಕಾಗಿಲ್ಲ, ನಿನ್ನ ದನಿ ಕೇಳಿದರೆ ಸಾಕು.

ಎರಡನೆಯ ಮಾತು, ಓಣಿ ಬಿಟ್ಟು ಹೋದ ವಿಷಯ. ಬೆಂಗಳೂರಿಗೆ ಹೋದೆ ಎಂಬ ಅಳುಕು ನಿನಗಿದೆ. ಅದು ಬೇಡ. 1928ರಲ್ಲಿ ಅಂಬಾಬಾಯಿಯವರು ಮಗಳ ಕಲಿಕೆಗಾಗಿ ಧಾರವಾಡದ ಮನೆ ಬಿಟ್ಟು ಹುಬ್ಬಳ್ಳಿಗೆ ಬಂದರು. ಇವತ್ತು ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿ. ಅಂದಿಗೆ ಅದು ಬೇರುಸಹಿತ ಕಿತ್ತು ಹೊರಟಂತೆಯೇ. ಅಲ್ಲಿ ಕೃಷ್ಣಾಚಾರ್ಯ ಹುಲಗೂರರ ಬಳಿ ಹಿಂದೂಸ್ತಾನಿ ಕಲಿಕೆ ಶುರುವಾಯಿತು. ಒಂದೇ ವರ್ಷದಲ್ಲಿ ಅರವತ್ತರಷ್ಟು ಚೀಜುಗಳನ್ನು, ಅಂದರೆ ಹಾಡುವ ರಚನೆಗಳನ್ನು, ಕಲಿತರು. ಆಮೇಲೆ ಹಣದ ವಿಷಯಕ್ಕೆ ಮಾತು ಬಂದು ಪಾಠ ನಿಂತಿತು. ದತ್ತೋಪಂತ ದೇಸಾಯರ ಬಳಿಯೂ ಕಲಿತರು. ಕಲಿಯುವ ಮಗು ಗುರುವಿದ್ದಲ್ಲಿಗೆ ಹೋಗಲೇಬೇಕು. ಹೋದದ್ದು ತಪ್ಪಲ್ಲ.

ಹೋದವರೂ ಊರನ್ನು ಹೊತ್ತುಕೊಂಡೇ ಹೋಗುತ್ತಾರೆ. ಎಂ.ಎಸ್. ಸುಬ್ಬುಲಕ್ಷ್ಮಿ 1936ರಲ್ಲಿ ಮದುರೈ ಬಿಟ್ಟು ಮದ್ರಾಸಿಗೆ ಹೋದರು. ಆದರೆ ಅವರ ಹೆಸರಿನ ಮೊದಲ ಅಕ್ಷರ ಕೊನೆಯವರೆಗೂ ಮದುರೈಯದೇ, ಎರಡನೆಯದು ತಾಯಿ ಷಣ್ಮುಖವಡಿವು ಅವರದು. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿಯ ಹೆಸರಿನಲ್ಲಿರುವುದು ಹಿರಿಯರ ಊರಾದ ಹಾನಗಲ್ಲ. ಅವರ ಗುರು ರಾಮಭಾವು ಸವಾಯಿ ಗಂಧರ್ವರೆಂದು ದೇಶಕ್ಕೆಲ್ಲ ಹೆಸರಾದರೂ ಕುಂದಗೋಳಕರ ಎಂಬುದು ಬಿಡಲಿಲ್ಲ. ನೀನು ಹೊಸ ಹೆಸರಿಟ್ಟುಕೊಳ್ಳುವಾಗ ಊರಿನ ಹೆಸರನ್ನು ಕತ್ತರಿಸಿ ಹಾಕಿದ್ದು ಯಾರದೋ ಸಲಹೆ ಎಂದು ಹೇಳಿದ್ದೆ. ಮರಳಿ ಸೇರಿಸು ಎಂದು ನಾನು ಒತ್ತಾಯಿಸುವುದಿಲ್ಲ. ಪರಿಚಯ ಹೇಳುವಾಗ ಓಣಿಯ ಹೆಸರು ಬಾಯಿಂದ ಬರಲಿ, ಸಾಕು.

ಮೂರನೆಯದು ಶಾಲೆ. ಗಂಗೂಬಾಯಿಯವರು ಓದಿದ್ದು ಐದನೆಯ ಇಯತ್ತೆಯವರೆಗೆ ಮಾತ್ರ. ಅಷ್ಟೇ ಓದಿದ ಹೆಣ್ಣುಮಗಳು ಮುಂದೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಗೌರವ ಪ್ರಾಧ್ಯಾಪಕರಾದರು. ಹುಟ್ಟೂರಿನಲ್ಲೇ ಇರುವ ವಿಶ್ವವಿದ್ಯಾಲಯ ಅದು. ಈ ಕಥೆಯನ್ನು ಹೇಳಿ ‘ಶಾಲೆ ಯಾಕೆ ಬೇಕು’ ಎನ್ನುವವರ ಮಾತಿಗೆ ಕಿವಿಗೊಡಬೇಡ. ಅವರಿಗೆ ಬೇರೊಂದು ಶಾಲೆ ಸಿಕ್ಕಿತ್ತು, ಅದು ಸುಲಭದ್ದಾಗಿರಲಿಲ್ಲ. ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗಿ, ಸವಾಯಿ ಗಂಧರ್ವರ ಮುಂದೆ ಕುಳಿತು, ಸಂಜೆಗೆ ಮತ್ತೆ ರೈಲಿನಲ್ಲೇ ಮರಳುವುದು. ಅಷ್ಟು ಹೊತ್ತಿಗೆ ಮದುವೆಯಾಗಿತ್ತು, ಮನೆಯಲ್ಲಿ ಮಕ್ಕಳಿದ್ದರು, ಸಂಸಾರದ ಖರ್ಚೂ ಇತ್ತು. ಅದೇ ಗುರುವಿನ ಮನೆಯಲ್ಲಿ ಭೀಮಸೇನ ಜೋಶಿಯವರೂ ಕಲಿಯುತ್ತಿದ್ದರು. ಗುರುಗಳು ಒಂದು ಸಣ್ಣ ಪಲುಕನ್ನು ಕೈಗೆ ಕೊಟ್ಟು ಅದು ಗಂಟಲಿಗೆ ಇಳಿಯುವವರೆಗೆ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ಜಿಪುಣ ದುಡ್ಡು ಬಳಸುವ ಹಾಗೆ ಸ್ವರ ಬಳಸಬೇಕು, ಆಗ ಕೇಳುವವರಿಗೆ ಒಂದೊಂದರ ಬೆಲೆ ತಿಳಿಯುತ್ತದೆ ಎಂಬುದು ಆ ಗುರುಗಳಿಂದ ಕಲಿತ ಪಾಠ ಎಂದು ಗಂಗೂಬಾಯಿ ಹೇಳುತ್ತಿದ್ದರು.

1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ಮೇಲೆ ಕುಂದಗೋಳದ ನಾಡಗೇರ ವಾಡೆಯಲ್ಲಿ ಅವರ ಪುಣ್ಯತಿಥಿಗೆ ಸಂಗೀತೋತ್ಸವ ನಡೆಯತೊಡಗಿತು. ದೊಡ್ಡ ಕಂಬಗಳ ಹಳೆಯ ವಾಡೆ, ಕೆಳಗೆ ಜಮಖಾನೆ, ಅದರ ಮೇಲೆ ರಾತ್ರಿಯಿಡೀ ಕೂರುವ ಮಂದಿ. ಅಲ್ಲಿ ಕುಳಿತವರಲ್ಲಿ ಎತ್ತು ಹೂಡುವವರೂ ಇರುತ್ತಿದ್ದರು, ವಕೀಲರೂ ಇರುತ್ತಿದ್ದರು. ಗಂಗೂಬಾಯಿ ಅಲ್ಲಿಗೆ ಮುಪ್ಪಿನ ದಿನಗಳವರೆಗೂ ಬರುತ್ತಿದ್ದರು. ಹಳೆಯ ಶಾಲೆಗೆ ಮರಳುವುದು ಎಂದರೆ ನನಗೆ ನೆನಪಾಗುವುದು ಈ ಬರುವಿಕೆ. ಪ್ರಶಸ್ತಿ ಬಂದ ವರ್ಷ ಒಮ್ಮೆ ಬಂದು ಹೋದದ್ದಲ್ಲ. ಹೆಸರಿದ್ದಾಗಲೂ, ಗಂಟಲು ಸೋತಾಗಲೂ, ವರ್ಷ ಬಂದರೆ ಆ ಜಾಗಕ್ಕೆ ಬಂದು ಗುರುವಿನ ಹೆಸರಿನಲ್ಲಿ ಕೂರುವುದು.

ನಿನ್ನ ಶಾಲೆಗೂ ಹಾಗೇ ಹೋಗು. ಬ್ಯಾನರ್ ಕಟ್ಟಿದ ವರ್ಷ ಹೋದರೆ ಅದು ಅವರ ಲೆಕ್ಕಕ್ಕೆ. ಬ್ಯಾನರ್ ಇಲ್ಲದ ವರ್ಷ ಹೋದರೆ ಅದು ನಿನ್ನ ಲೆಕ್ಕಕ್ಕೆ.

ಇನ್ನು, ಓಣಿಯಲ್ಲಿ ಯಾರನ್ನು ನೆನೆಯಬೇಕು ಎಂಬುದು. ಗ್ಯಾದರಿಂಗಿನ ವೇದಿಕೆಯ ಮೇಲೆ ಆಡಳಿತ ಮಂಡಳಿಯವರು, ಊರಿನ ರಾಜಕಾರಣಿಗಳು ಸಾಲಾಗಿ ಕೂತಿರುತ್ತಾರೆ. ಅವರ ಹೆಸರು ನಿರೂಪಕರು ಹೇಗೂ ಹೇಳುತ್ತಾರೆ, ನೀನು ಅದಕ್ಕೆ ಹೊತ್ತು ಕಳೆಯಬೇಡ. ಬೇರೆ ಹೆಸರುಗಳನ್ನು ಮನೆಯಲ್ಲೇ ಬರೆದುಕೊಂಡು ಹೋಗು. ಅಂಬಾಬಾಯಿಯವರನ್ನು ನೋಡು. ಸ್ವತಃ ಅಷ್ಟು ದೊಡ್ಡ ಕರ್ನಾಟಕ ಸಂಗೀತ ಗಾಯಕಿ. ಮಗಳ ಕಿವಿಯಲ್ಲಿ ಹಿಂದೂಸ್ತಾನಿಯ ಸ್ವರ ಗಟ್ಟಿಯಾಗಿ ಕೂರಲಿ, ತನ್ನ ಪದ್ಧತಿಯ ಛಾಯೆ ಬೀಳದಿರಲಿ ಎಂದು ಮಗಳ ಮುಂದೆ ತನ್ನ ಹಾಡನ್ನೇ ಬಿಟ್ಟರು. 1932ರಲ್ಲಿ ತೀರಿಕೊಂಡರು. ಮಗಳ ದೊಡ್ಡ ದಿನಗಳನ್ನು ಕಣ್ಣಾರೆ ಕಾಣಲಿಲ್ಲ. ‘ನನ್ನ ಬದುಕಿನ ಹಾಡು’ ಎಂಬ ಆತ್ಮಕಥೆಯನ್ನು ನೀನು ಓದಬೇಕು. ಒಬ್ಬಳು ಗಾಯಕಿ ಬೆಳೆಯಲು ಹಿಂದೆ ಎಷ್ಟು ಜನ ಸುಮ್ಮನೆ ದುಡಿದಿರುತ್ತಾರೆ ಎಂಬುದು ತಿಳಿಯುತ್ತದೆ.

ನಿನ್ನ ಹಿಂದೆಯೂ ಅಂಥವರು ಇದ್ದಾರೆ. ತಾಲೀಮು ಮುಗಿಸಿ ತಡವಾಗಿ ಬಂದಾಗ ಓಣಿಯ ದೀಪ ಹೋಗಿದ್ದರೆ ಟಾರ್ಚು ಹಿಡಿದು ಬಾಗಿಲವರೆಗೆ ಬಿಟ್ಟುಹೋಗುತ್ತಿದ್ದ ಕಿರಾಣಿ ಅಂಗಡಿಯ ಕಾಕಾ. ಗಂಟೆ ಬಾರಿಸುತ್ತಿದ್ದ ಶಿಪಾಯಿ, ಮಧ್ಯಾಹ್ನ ಖಾಲಿ ಕೋಣೆಯ ಬೀಗ ತೆಗೆದುಕೊಟ್ಟು ‘ಹಾಡ್ಕೋ, ಯಾರಿಗೂ ಹೇಳೂದಿಲ್ಲ’ ಎಂದವನು. ನಿನ್ನನ್ನು ಹಿಂದಿನ ಸಾಲಿಗೆ ಕಳಿಸಿದ್ದು ಶಾಲೆಯೇ, ಆ ಕೋಣೆಯ ಬೀಗ ತೆಗೆದದ್ದೂ ಶಾಲೆಯೇ. ಒಂದನ್ನು ಮಾತ್ರ ನೆನಪಿಟ್ಟರೆ ಲೆಕ್ಕ ತಪ್ಪುತ್ತದೆ.

ದೂರದ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದ ಫಿಲಡೆಲ್ಫಿಯಾ ನಗರದ ದಕ್ಷಿಣ ಭಾಗದಲ್ಲಿ 1897ರಲ್ಲಿ ಹುಟ್ಟಿದ ಮರಿಯನ್ ಆಂಡರ್ಸನ್ ಎಂಬ ಕರಿಯ ಗಾಯಕಿ. ಆರು ವರ್ಷದಿಂದಲೇ ಓಣಿಯ ಯೂನಿಯನ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹಾಡುತ್ತಿದ್ದಳು. ತಂದೆ ಬೇಗ ತೀರಿಕೊಂಡರು, ತಾಯಿ ಬೇರೆಯವರ ಬಟ್ಟೆ ತೊಳೆದು ಮನೆ ನಡೆಸಿದರು. ಪಾಠದ ಫೀಗೆ ದುಡ್ಡಿರಲಿಲ್ಲ. ಚರ್ಚಿನ ಬಡ ಮಂದಿ ಚಿಲ್ಲರೆ ಕಾಸು ಕೂಡಿಸಿ ಅವಳಿಗಾಗಿ ಒಂದು ನಿಧಿ ಮಾಡಿದರು. ಅದೇ ನಗರದ ಒಂದು ಸಂಗೀತ ಶಾಲೆ, ಬಣ್ಣ ನೋಡಿ, ಬಾಗಿಲಲ್ಲೇ ಬೇಡವೆಂದಿತು. ಹೈಸ್ಕೂಲು ಮುಗಿಯುವಾಗ 1921 ಬಂದಿತ್ತು, ಅಂದರೆ ಇಪ್ಪತ್ತನಾಲ್ಕು ವರ್ಷ. ಮುಂದೆ ಯುರೋಪೆಲ್ಲ ಅವಳ ಹಾಡಿಗೆ ತಲೆದೂಗಿತು. 1939ರಲ್ಲಿ ವಾಷಿಂಗ್ಟನ್ನಿನ ಒಂದು ಸಭಾಂಗಣ ಕರಿಯಳೆಂದು ಜಾಗ ಕೊಡದಿದ್ದಾಗ, ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಸುಮಾರು 75,000 ಜನರ ಮುಂದೆ ಹಾಡಿದಳು. ನಾನು ಹೇಳಬೇಕೆಂದದ್ದು ಆಮೇಲಿನದು. 1941ರಲ್ಲಿ ಫಿಲಡೆಲ್ಫಿಯಾ ನಗರ ಅವಳಿಗೆ 10,000 ಡಾಲರಿನ ಬಾಕ್ ಪ್ರಶಸ್ತಿ ಕೊಟ್ಟಿತು. ಆ ದುಡ್ಡನ್ನು ಅವಳು ಎಳೆಯ ಗಾಯಕರಿಗೆ ನೆರವು ಕೊಡುವ ನಿಧಿಯಾಗಿ ಮಾಡಿದಳು. ಬಡವರು ತನಗೆ ಕೊಟ್ಟ ಚಿಲ್ಲರೆಯನ್ನು ಅವಳು ತೀರಿಸಿದ್ದು ಕೊಟ್ಟವರಿಗಲ್ಲ, ತನ್ನ ಹಿಂದೆ ಬರುವವರಿಗೆ. ಓಣಿಯ ಋಣ ತೀರಿಸುವ ದಾರಿ ಇದೊಂದೇ ಎಂದು ನಾನೂ ನಂಬಿದ್ದೇನೆ.

ಇಷ್ಟು ಹೇಳಿದ ಮೇಲೆ ಕೈಗೆ ಹತ್ತುವ ನಾಲ್ಕು ಮಾತು.

ಕಾರ್ಯಕ್ರಮಕ್ಕೆ ಒಂದು ತಾಸು ಮೊದಲೇ ಹೋಗು. ಮೇಕಪ್ಪಿನವರು, ವಿಡಿಯೋದವರು ಜೊತೆಗೆ ಬೇಡ. ನಿನ್ನ ಹಳೆಯ ಕೋಣೆಯಲ್ಲಿ ಈಗ ಓದುವ ಮಕ್ಕಳ ಜೊತೆ ಕ್ಯಾಮೆರಾ ಇಲ್ಲದೆ ಸ್ವಲ್ಪ ಹೊತ್ತು ಕೂರು. ಕ್ಯಾಮೆರಾ ಬಂದರೆ ಮಕ್ಕಳು ಪಾಠ ಒಪ್ಪಿಸುತ್ತಾರೆ, ಮಾತಾಡುವುದಿಲ್ಲ.

ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಎಲ್ಲ ಬರುತ್ತವೆ. ನಗುತ್ತ ತೆಗೆದುಕೋ. ಬೇಡ ಎಂದು ತಳ್ಳುವುದೂ ಒಂದು ತೋರಿಕೆಯೇ. ಆದರೆ ಸನ್ಮಾನವೇ ಎರಡು ತಾಸು ನಡೆದು, ಮಕ್ಕಳ ನೃತ್ಯ ಹನ್ನೊಂದು ಗಂಟೆ ರಾತ್ರಿಗೆ ಹೋಗದಂತೆ ಮುಂಚೆಯೇ ಮುಖ್ಯೋಪಾಧ್ಯಾಯರಿಗೆ ಹೇಳಿಬಿಡು. ಮುಖ್ಯ ಅತಿಥಿ ಹೇಳಿದರೆ ಕೇಳುತ್ತಾರೆ. ಬಣ್ಣ ಹಚ್ಚಿಕೊಂಡು ಸಂಜೆ ಐದರಿಂದ ಕೂತ ಮಕ್ಕಳು ಹರಸುತ್ತವೆ.

ಭಾಷಣ ಹತ್ತು ನಿಮಿಷ ದಾಟಬಾರದು. ಜಿಪುಣನ ಪಾಠ ಮಾತಿಗೂ ಸಲ್ಲುತ್ತದೆ. ಪ್ರಾರ್ಥನೆಯ ಸಾಲಿನ ಕಥೆಯನ್ನು ಹೇಳು. ಆದರೆ ಹಿಂದಕ್ಕೆ ಕಳಿಸಿದ ಮಾಸ್ತರ ಅಥವಾ ಅಕ್ಕೋರ ಹೆಸರು ಎತ್ತಬೇಡ. ಅವರು ಮುಪ್ಪಿನಲ್ಲಿ ಆ ಸಭೆಯಲ್ಲೇ ಕುಳಿತಿದ್ದರೂ ಇರಬಹುದು. ಒಬ್ಬರನ್ನು ನಾಚಿಸಿದರೆ ಸಭೆಗೆ ಮೋಜು, ಶಾಲೆಗೆ ಏನೂ ಬದಲಾಗುವುದಿಲ್ಲ. ಕಥೆ ಮುಗಿಸಿ, ‘ಇನ್ನು ಮುಂದೆ ದನಿ ನೋಡಿ ಯಾವ ಮಗುವನ್ನೂ ಹಿಂದಕ್ಕೆ ನಿಲ್ಲಿಸಬೇಡಿ’ ಎಂದು ನೇರವಾಗಿ ಕೇಳು. ನೀನು ಕೇಳಿದರೆ ಅದು ಕೋರಿಕೆ. ಕೇಳದೆ ಬರೀ ನೋವು ತೋಡಿಕೊಂಡರೆ ಅದು ಇನ್ನೊಂದು ಹಾಡು, ಚಪ್ಪಾಳೆ ತಟ್ಟಿ ಮರೆಯುತ್ತಾರೆ.

ಇನ್ನೊಂದು. ಹೆಣ್ಣು ಎಂಬ ಕಾರಣಕ್ಕೆ ವೇದಿಕೆಯ ಮೇಲೆ ನಿನ್ನನ್ನು ಯಾರಾದರೂ ಚಿಕ್ಕದಾಗಿ ಕರೆದರೆ ಸುಮ್ಮನೆ ಇರಬೇಡ. ಗಂಡು ಗಾಯಕ ಮುಸಲ್ಮಾನನಾದರೆ ಉಸ್ತಾದ, ಹಿಂದುವಾದರೆ ಪಂಡಿತ, ಕೇಸರಬಾಯಿ, ಮೋಗೂಬಾಯಿಯಂಥ ಹೆಂಗಸರು ಮಾತ್ರ ಬಾಯಿಯಾಗಿಯೇ ಉಳಿಯುತ್ತಾರೆ ಎಂಬರ್ಥದ ಮಾತನ್ನು ಗಂಗೂಬಾಯಿಯವರು ನಗುನಗುತ್ತಲೇ ಆಡುತ್ತಿದ್ದರು. ನಕ್ಕು ಆಡಿದ ಆ ಮಾತು ನೂರು ಲೇಖನಗಳಿಗಿಂತ ದೂರ ಹೋಗಿದೆ. ಮರ್ಯಾದೆ ಬಿಡದೆ ಚುರುಕಾಗಿ ಹೇಳುವುದನ್ನು ಅವರಿಂದ ಕಲಿ.

ದೇಣಿಗೆಯ ವಿಷಯಕ್ಕೆ ಬರೋಣ. ಶಾಲೆಯವರು ರಂಗಮಂದಿರಕ್ಕೋ ಕಮಾನಿಗೋ ಕೇಳುತ್ತಾರೆ, ನಿನ್ನ ಹೆಸರು ಕೆತ್ತಿಸುತ್ತೇವೆ ಎನ್ನುತ್ತಾರೆ. ಅದಕ್ಕೆ ಒಪ್ಪುವ ಮೊದಲು ಶುಕ್ರವಾರಪೇಟೆಯ ಮನೆಯನ್ನು ನೆನೆಸಿಕೋ. ಗಂಗೂಬಾಯಿ ಹುಟ್ಟಿದ ‘ಗಂಗೋತ್ರಿ’ಯನ್ನು ಸರ್ಕಾರ 2008ರಲ್ಲಿ ವಸ್ತುಸಂಗ್ರಹಾಲಯ ಮಾಡಿತು. ಆಮೇಲೆ ಅದೇ ಮನೆ ಆರೈಕೆಯಿಲ್ಲದೆ ಮಳೆಗೆ ಶಿಥಿಲವಾದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಕಟ್ಟಡಕ್ಕೆ ಉದ್ಘಾಟನೆಯ ದಿನ ನೂರು ಜನ ಬರುತ್ತಾರೆ, ಹಂಚು ಹೊದಿಸುವ ದಿನ ಯಾರೂ ಬರುವುದಿಲ್ಲ. ಅವರ ಹೆಸರು ಬೇರೆ ಕಡೆ ಗಟ್ಟಿಯಾಗಿ ಉಳಿದಿದೆ. ಮೈಸೂರಿನಲ್ಲಿ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆ, ಹುಬ್ಬಳ್ಳಿಯಲ್ಲಿ ಗುರುಕುಲ ಇದೆ. ಎಲ್ಲಿ ಮಕ್ಕಳು ಕೂತು ಸಾ ಹಿಡಿಯುತ್ತವೋ ಅಲ್ಲಿ ಹೆಸರಿಗೆ ಮಳೆಗಾಲದ ಭಯವಿಲ್ಲ. 2009ರ ಜುಲೈ 21ರಂದು ತೀರಿಕೊಂಡಾಗ ಅವರು ಕಣ್ಣುಗಳನ್ನೂ ದಾನವಾಗಿ ಬಿಟ್ಟು ಹೋಗಿದ್ದರು. ಕೊಡುವುದಾದರೆ ಮತ್ತೊಬ್ಬರ ಬಳಕೆಗೆ ಬರುವುದನ್ನು ಕೊಡಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಆದ್ದರಿಂದ ಕಮಾನಿಗೆ ಬೇಡ ಎನ್ನು. ಒಂದು ಜೋಡಿ ತಂಬೂರಿ, ಒಂದು ಒಳ್ಳೆಯ ಹಾರ್ಮೋನಿಯಂ, ಒಂದು ಜೊತೆ ತಬಲಾ ಕೊಡಿಸು. ತಂಬೂರಿ ಬೇಕಾದರೆ ಮೀರಜಿನಿಂದ ತರಿಸೋಣ, ಅಲ್ಲಿ ತಲೆಮಾರುಗಳಿಂದ ತಂಬೂರಿ ಮಾಡುವ ಮನೆತನಗಳಿವೆ. ವಾದ್ಯ ಕೊಟ್ಟು ಸುಮ್ಮನಾದರೆ ಅವು ಕಪಾಟಿನಲ್ಲಿ ಧೂಳು ತಿನ್ನುತ್ತವೆ. ವಾರಕ್ಕೆ ಎರಡು ದಿನ ಬಂದು ಕಲಿಸುವ ಒಬ್ಬ ಸಂಗೀತ ಮಾಸ್ತರರ ಗೌರವಧನವನ್ನು ನೀನು ಹೊತ್ತುಕೋ. ತಿಂಗಳು ತಿಂಗಳು ತಪ್ಪದೆ ಅವರ ಕೈಗೇ ಹೋಗಲಿ. ಒಬ್ಬ ಗುರುವಿಗೂ ಮನೆಯವರಿಗೂ ಹಣದ ಮಾತು ಬಂದು ಒಂದು ಹುಡುಗಿಯ ಪಾಠ ನಿಂತ ಕಥೆ ಮೇಲೆ ಹೇಳಿದೆನಲ್ಲ, ನಿನ್ನ ಶಾಲೆಯಲ್ಲಿ ಆ ಕಾರಣಕ್ಕೆ ಪಾಠ ನಿಲ್ಲಬಾರದು. ಕಲಿಯಲು ಬರುವ ಮಕ್ಕಳನ್ನು ಆರಿಸುವಾಗ ದನಿ ಪರೀಕ್ಷೆ ಇಡಬೇಡಿ ಎಂಬ ಒಂದೇ ಷರತ್ತು ಹಾಕು. ಬರುತ್ತೇನೆ ಎಂದ ಮಗು ಬರಲಿ. ಯಾರು ಉಳಿಯುತ್ತಾರೆ, ಯಾರು ಬಿಡುತ್ತಾರೆ ಎಂಬುದನ್ನು ತಾಲೀಮು ತೀರ್ಮಾನಿಸುತ್ತದೆ.

ವರ್ಷಕ್ಕೊಮ್ಮೆ, ಯಾವ ಸಮಾರಂಭವೂ ಇಲ್ಲದ ದಿನ, ನೀನೇ ಹೋಗಿ ಆ ಮಕ್ಕಳ ಹಾಡು ಕೇಳು. ಅಂದು ನೀನು ಹಾಡಬೇಡ. ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನು, ಶ್ರುತಿ ತಪ್ಪಿದರೆ ತಪ್ಪಿದೆ ಎನ್ನು. ಬರಲಾಗದ ವರ್ಷ ಮೊದಲೇ ತಿಳಿಸು. ಮಕ್ಕಳು ಕಾಯುತ್ತಾರೆ, ಕಾಯಿಸಿ ಬಾರದೇ ಹೋದರೆ ಅದನ್ನು ಮುಪ್ಪಿನವರೆಗೂ ನೆನಪಿಡುತ್ತಾರೆ.

ಆಶೀರ್ವಾದಗಳೊಂದಿಗೆ,
ನಿನ್ನ ಮಾಸ್ತರ